ಕಂಬಳಿಯ ಕಿಡಿ, ಕಂಬದ ಕರೆಂಟು

ಚಳಿಗಾಲದ ರಾತ್ರಿ ಕುರಿಹಟ್ಟಿಯ ಬಳಿ ಮಲಗುವವರು ಕಂಬಳಿ ಕೊಡವುತ್ತಾರೆ. ಆಗ ಚಟಚಟ ಸದ್ದು ಬರುತ್ತದೆ. ಕತ್ತಲಿದ್ದರೆ ಸಣ್ಣ ಸಣ್ಣ ನೀಲಿ ಕಿಡಿ ಕಾಣುತ್ತವೆ. ಟೆರಿಲಿನ್ ಅಂಗಿಯ ಮೇಲೆ ಹೊದ್ದ ಕಂಬಳಿಯನ್ನು ಸರ್ರನೆ ಎಳೆದರೆ ಕೈಮೇಲಿನ ಕೂದಲು ನೆಟ್ಟಗೆ ನಿಲ್ಲುತ್ತವೆ. ನೈಲಾನ್ ಸೀರೆ ಮಡಿಸುವ ಅಕ್ಕಂದಿರಿಗೂ ಈ ಚಟಚಟ ಗೊತ್ತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಕುರಿ ಇವೆ, ಕಂಬಳಿ ಇವೆ, ಒಣ ಹವೆ ಇದೆ. ಮೈಲಾರದ ಜಾತ್ರೆಗೆ ಹೋದರೆ ಕರಿ ಕಂಬಳಿಯ ಗೊರವಯ್ಯನವರನ್ನು ಕಾಣುತ್ತೇವೆ. ಹಾಗಾಗಿ ಈ ಕಿಡಿ ನಮ್ಮ ಕಡೆಯವರಿಗೆ ಹಳೇ ಪರಿಚಯ.

ರಾತ್ರಿ ಶಾಲೆಯಲ್ಲಿ ಒಬ್ಬ ಅಜ್ಜ ನಮ್ಮನ್ನು ಕೇಳಿದರು:

"ಮೇಷ್ಟ್ರೇ, ಕಂಬಳ್ಯಾಗೂ ಕರೆಂಟ್ ಐತೇನ್ರಿ?"

"ಐತಿ ಅಜ್ಜಾ."

"ಹಂಗಾದ್ರ ಅದು ನಮ್ಮನ್ನ ಯಾಕ ಕೊಲ್ಲಂಗಿಲ್ಲ? ಕಂಬದಾಗಿನ ಕರೆಂಟು ಮುಟ್ಟಿದ ಕೂಡ್ಲೇ ಕೊಲ್ತೈತಲ್ಲ?"

ಅಜ್ಜನ ಪ್ರಶ್ನೆ ಚೆನ್ನಾಗಿದೆ. ಈ ಪಾಠ ಪೂರಾ ಆ ಪ್ರಶ್ನೆಗೇ ಉತ್ತರ.

ಉಜ್ಜಿದರೆ ಏನಾಗುತ್ತದೆ?

ಕಲ್ಲು, ನೀರು, ಜೋಳ, ನಮ್ಮ ಮೈ, ಎಲ್ಲವೂ ಬಹಳ ಸಣ್ಣ ಕಣಗಳಿಂದ ಆಗಿವೆ. ಆ ಕಣಕ್ಕೆ ಪರಮಾಣು ಎಂದು ಹೆಸರು. ಪರಮಾಣುವಿನ ಒಳಗೆ ಇನ್ನೂ ಸಣ್ಣ ಕಣಗಳಿವೆ. ಅವುಗಳಲ್ಲಿ ಒಂದು ಎಲೆಕ್ಟ್ರಾನು. ಇದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬಲ್ಲದು. ಎರಡು ವಸ್ತುಗಳನ್ನು ಉಜ್ಜಿದಾಗ ಒಂದರಿಂದ ಸ್ವಲ್ಪ ಎಲೆಕ್ಟ್ರಾನುಗಳು ಕಿತ್ತು ಇನ್ನೊಂದಕ್ಕೆ ಅಂಟಿಕೊಳ್ಳುತ್ತವೆ.

ಕಂಬಳಿಯ ಉಣ್ಣೆ ಎಲೆಕ್ಟ್ರಾನುಗಳನ್ನು ಬೇಗ ಬಿಟ್ಟುಕೊಡುತ್ತದೆ. ಟೆರಿಲಿನ್ ಬಟ್ಟೆ ಅವನ್ನು ಎಳೆದುಕೊಳ್ಳುತ್ತದೆ. ಆಗ ಕಂಬಳಿಯಲ್ಲಿ ಕೊರತೆ, ಅಂಗಿಯಲ್ಲಿ ಹೆಚ್ಚಳ. ಕೊರತೆ ಇರುವುದಕ್ಕೆ ಧನ ವಿದ್ಯುತ್ತು ಎನ್ನುತ್ತಾರೆ. ಹೆಚ್ಚಳ ಇರುವುದಕ್ಕೆ ಋಣ ವಿದ್ಯುತ್ತು ಎನ್ನುತ್ತಾರೆ. (ಹೆಸರು ಅದಲುಬದಲಾದಂತೆ ಕಾಣುತ್ತದೆ, ಅಲ್ವಾ? ಎಲೆಕ್ಟ್ರಾನು ಪತ್ತೆಯಾಗುವ ಮೊದಲೇ ಆ ಹೆಸರು ಇಟ್ಟಿದ್ದರು. ಹಾಗೇ ಉಳಿದುಕೊಂಡಿತು.)

ಧನವೂ ಋಣವೂ ಒಂದನ್ನೊಂದು ಎಳೆಯುತ್ತವೆ. ಧನ ಧನವನ್ನು ದೂಡುತ್ತದೆ. ಋಣ ಋಣವನ್ನು ದೂಡುತ್ತದೆ.

ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಒಂದು ಪ್ಲಾಸ್ಟಿಕ್ ಹಣಿಗೆ ತನ್ನಿ. ಕಾಗದವನ್ನು ಸಾಸಿವೆ ಗಾತ್ರಕ್ಕೆ ಹರಿದು ಇಡಿ. ಎಣ್ಣೆ ಇಲ್ಲದ ಒಣ ತಲೆಯನ್ನು ಹಣಿಗೆಯಿಂದ ಹತ್ತು ಸಲ ಬಾಚಿ. ಹಣಿಗೆಯನ್ನು ಕಾಗದದ ಚೂರುಗಳ ಹತ್ತಿರ ಹಿಡಿಯಿರಿ. ಚೂರುಗಳು ಹಾರಿ ಬಂದು ಅಂಟಿಕೊಳ್ಳುತ್ತವೆ. ನಳದ ನೀರು ದಾರದ ಹಾಗೆ ತೆಳ್ಳಗೆ ಬೀಳುವಾಗ ಹಣಿಗೆಯನ್ನು ಪಕ್ಕದಲ್ಲಿ ಹಿಡಿದರೆ ನೀರಿನ ಧಾರೆಯೇ ಬಾಗುತ್ತದೆ. ಮಕ್ಕಳಿಗೆ ತೋರಿಸಿ, ಖುಷಿ ಪಡುತ್ತಾರೆ.

ಮಳೆಗಾಲದಲ್ಲಿ ಈ ಆಟ ನಡೆಯುವುದಿಲ್ಲ. ಹವೆಯಲ್ಲಿ ತೇವ ಇದ್ದರೆ ವಸ್ತುವಿನ ಮೇಲೆ ನಿಂತ ವಿದ್ಯುತ್ತು ಮೆಲ್ಲಗೆ ಸೋರಿ ಹೋಗುತ್ತದೆ. ಹತ್ತಿ ಬಟ್ಟೆಯಲ್ಲಿಯೂ ಸ್ವಲ್ಪ ತೇವ ಇದ್ದೇ ಇರುತ್ತದೆ. ಅದಕ್ಕೇ ಹತ್ತಿ ಸೀರೆ ಚಟಚಟ ಅನ್ನುವುದು ಕಡಿಮೆ.

ಹೀಗೆ ಉಜ್ಜಿ ಹುಟ್ಟಿದ ವಿದ್ಯುತ್ತು ಹರಿಯದೆ ವಸ್ತುವಿನ ಮೇಲೆಯೇ ನಿಂತಿರುತ್ತದೆ. ಇದಕ್ಕೆ ಪುಸ್ತಕದಲ್ಲಿ ಸ್ಥಿರ ವಿದ್ಯುತ್ತು ಎಂದು ಹೆಸರು. ನಾವು ನಿಂತ ವಿದ್ಯುತ್ತು ಎಂದು ಕರೆಯೋಣ.

ನಿಂತದ್ದು, ಹರಿಯುವುದು

ಕರೆಂಟನ್ನು ನೀರಿಗೆ ಹೋಲಿಸಿದರೆ ಬೇಗ ತಿಳಿಯುತ್ತದೆ. ನೀರು ಎತ್ತರದಲ್ಲಿದ್ದರೆ ಜೋರಾಗಿ ಬೀಳುತ್ತದೆ. ವಿದ್ಯುತ್ತಿನ ಆ ಎತ್ತರವನ್ನು ವೋಲ್ಟ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಕ್ಷಣಕ್ಕೆ ಎಷ್ಟು ವಿದ್ಯುತ್ತು ಹರಿಯುತ್ತದೆ ಎಂಬುದನ್ನು ಆಂಪಿಯರ್ ಎಂಬ ಅಳತೆಯಲ್ಲಿ ಹೇಳುತ್ತಾರೆ.

ಕಂಬಳಿಯ ಕಿಡಿಯಲ್ಲಿ ಎಷ್ಟು ವೋಲ್ಟ್ ಇರುತ್ತದೆ ಗೊತ್ತೆ? ಕೆಲವು ಸಾವಿರ! ಮನೆಯ ಕರೆಂಟಿನಲ್ಲಿ ಇರುವುದು 230 ವೋಲ್ಟ್ ಮಾತ್ರ. ಸಾವಿರ ಇರುವುದು ಚುಚ್ಚಿ ಬಿಡುತ್ತದೆ, 230 ಇರುವುದು ಜೀವ ತೆಗೆಯುತ್ತದೆ. ಇದು ಹೇಗೆ?

ಉಚ್ಚಂಗಿದುರ್ಗದ ಗುಡ್ಡದ ಮೇಲಿಂದ ಒಂದು ಚಮಚ ನೀರು ಚೆಲ್ಲಿದರೆ ಕೆಳಗೆ ನಿಂತವರಿಗೆ ಏನೂ ಆಗುವುದಿಲ್ಲ. ಎತ್ತರ ಬಹಳ, ಆದರೆ ನೀರು ಒಂದೇ ಚಮಚ. ತುಂಗಭದ್ರೆಯ ದೊಡ್ಡ ಕಾಲುವೆ ನೋಡಿ. ಅದರ ಇಳಿಜಾರು ಬಹಳ ಕಡಿಮೆ. ಆದರೂ ಅದರಲ್ಲಿ ಬಿದ್ದವರು ಕೊಚ್ಚಿ ಹೋಗುತ್ತಾರೆ. ನೀರು ಹರಿಯುತ್ತಲೇ ಇರುತ್ತದೆ, ಹಿಂದಿನಿಂದ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ.

ಕಂಬಳಿಯ ಕಿಡಿ ಆ ಚಮಚದ ನೀರು. ಒಂದು ಕ್ಷಣದಲ್ಲಿ ಮುಗಿದು ಹೋಗುತ್ತದೆ. ಕಂಬದ ತಂತಿಯಲ್ಲಿ ಇರುವುದು ಕಾಲುವೆ. ನೀವು ಮುಟ್ಟಿದಷ್ಟು ಹೊತ್ತೂ ಅದು ನಿಮ್ಮ ಮೈಯೊಳಗೆ ಹರಿಯುತ್ತದೆ. ಹರಿಯುವ ವಿದ್ಯುತ್ತಿಗೇ ಕರೆಂಟು ಎನ್ನುವುದು.

ಕೊಲ್ಲಲು ಎಷ್ಟು ಕರೆಂಟು ಬೇಕು? ಒಂದು ಆಂಪಿಯರನ್ನು ಸಾವಿರ ಪಾಲು ಮಾಡಿ. ಒಂದು ಪಾಲಿಗೆ ಮಿಲಿ ಆಂಪಿಯರ್ ಎಂದು ಹೆಸರು. 1 ಮಿಲಿ ಆಂಪಿಯರ್ ಹರಿದರೆ ಜುಂ ಅನ್ನುತ್ತದೆ. ಹತ್ತು ಹದಿನೈದು ಹರಿದರೆ ಕೈ ಬಿಗಿಯುತ್ತದೆ, ತಂತಿಯನ್ನು ಬಿಡಲು ಆಗುವುದಿಲ್ಲ. "ಕರೆಂಟು ಹಿಡಕೊಂತು" ಎನ್ನುತ್ತೇವಲ್ಲ, ಅದು ಇದೇ. ಕರೆಂಟು ನಮ್ಮನ್ನು ಹಿಡಿಯುವುದಿಲ್ಲ, ನಮ್ಮ ಸ್ನಾಯುಗಳೇ ಬಿಗಿದು ತಂತಿಯನ್ನು ಹಿಡಿದುಕೊಳ್ಳುತ್ತವೆ. 30 ದಾಟಿದರೆ ಉಸಿರಿಗೂ ಎದೆಗೂ ಅಪಾಯ. 100ರ ಹತ್ತಿರ ಬಂದರೆ ಎದೆಬಡಿತ ತಪ್ಪಿ ನಿಲ್ಲಬಹುದು. 60 ವ್ಯಾಟಿನ ಹಳೇ ಗಾಜಿನ ಬಲ್ಬು ಉರಿಯುವಾಗ ಅದರೊಳಗೆ ಸುಮಾರು 260 ಮಿಲಿ ಆಂಪಿಯರ್ ಹರಿಯುತ್ತದೆ. ಒಂದು ಬಲ್ಬು ಹತ್ತಿಸುವ ಕರೆಂಟು ಒಂದು ಜೀವ ತೆಗೆಯಲು ಧಾರಾಳವಾಗಿ ಸಾಕು.

"ಫ್ಯೂಜು ಐತಲ್ರಿ, ಹೋಗ್ತೈತಿ ಬಿಡ್ರಿ" ಎಂದು ಹಲವರು ಧೈರ್ಯದಲ್ಲಿರುತ್ತಾರೆ. ಮನೆಯ ಫ್ಯೂಜು ಹೋಗುವುದು 5 ಆಂಪಿಯರೋ ಅದಕ್ಕಿಂತ ಹೆಚ್ಚೋ ಹರಿದಾಗ. ಮನುಷ್ಯ ಸಾಯುವುದು ಅದರ ಐವತ್ತನೇ ಒಂದು ಪಾಲಿಗೆ. ಫ್ಯೂಜು ತಂತಿ ಸುಡದಂತೆ ಕಾಯುತ್ತದೆ, ಮನುಷ್ಯನನ್ನು ಕಾಯುವುದಿಲ್ಲ. ಮನುಷ್ಯನನ್ನು ಕಾಯುವ ಉಪಕರಣ ಬೇರೆ ಇದೆ. ಅದರ ಹೆಸರು ಆರ್.ಸಿ.ಸಿ.ಬಿ. ಮನೆಗೆ ಹಾಕುವ ಆರ್.ಸಿ.ಸಿ.ಬಿ. ಮೇಲೆ 30 ಎಂ.ಎ. ಎಂದು ಬರೆದಿರುತ್ತದೆ. 30 ಮಿಲಿ ಆಂಪಿಯರ್ ಆಚೀಚೆ ಸೋರಿದರೆ ಅದು ತಾನೇ ಕರೆಂಟು ಕಡಿಯುತ್ತದೆ. ದುಡ್ಡು ಬೀಳುತ್ತದೆ ನಿಜ. ಆದರೂ ಮನೆ ಕಟ್ಟುವಾಗ ಬಾಗಿಲಿಗೆ ಹಾಕಿಸುವ ಬಣ್ಣಕ್ಕಿಂತ ಇದು ಮೊದಲು ಬೇಕು ಎನ್ನುವುದು ನಮ್ಮ ಅಭಿಪ್ರಾಯ.

ಕರೆಂಟಿಗೆ ದಾರಿ ಬೇಕು

ಬ್ಯಾಟರಿಯ ಒಂದು ಶೆಲ್ಲು, ಒಂದು ಸಣ್ಣ ಬಲ್ಬು, ಎರಡು ತುಂಡು ವೈರು ತೆಗೆದುಕೊಳ್ಳಿ. ಶೆಲ್ಲಿನ ಒಂದು ತುದಿಯಿಂದ ಬಲ್ಬಿಗೆ, ಬಲ್ಬಿನಿಂದ ಶೆಲ್ಲಿನ ಇನ್ನೊಂದು ತುದಿಗೆ ವೈರು ಮುಟ್ಟಿಸಿ. ಬಲ್ಬು ಹತ್ತುತ್ತದೆ. ಒಂದು ಕಡೆ ಬಿಡಿಸಿದರೆ ಆರುತ್ತದೆ. ಹೊರಟ ಕರೆಂಟು ಸುತ್ತಿ ಬಂದು ಹೊರಟಲ್ಲಿಗೇ ಸೇರಬೇಕು. ದಾರಿ ತುಂಡಾದರೆ ಹರಿಯುವುದಿಲ್ಲ. ಸ್ವಿಚ್ಚು ಮಾಡುವ ಕೆಲಸ ಇಷ್ಟೇ: ದಾರಿ ಕೂಡಿಸುವುದು, ದಾರಿ ತುಂಡು ಮಾಡುವುದು.

ಇಂಥ ಶೆಲ್ಲಿನ ಮೂಲವನ್ನು 1800ರಲ್ಲಿ ಇಟಲಿ ದೇಶದ ವೋಲ್ಟಾ ಎಂಬವರು ಮಾಡಿ ತೋರಿಸಿದರು. ವೋಲ್ಟ್ ಎಂಬ ಹೆಸರು ಬಂದದ್ದು ಅವರಿಂದ.

ಈಗ ವೈರಿನ ನಡುವೆ ಬೇರೆ ಬೇರೆ ವಸ್ತು ಇಟ್ಟು ನೋಡಿ. ಬೀಗದ ಕೈ, ತಾಮ್ರದ ಬಿಲ್ಲೆ ಇಟ್ಟರೆ ಬಲ್ಬು ಹತ್ತುತ್ತದೆ. ರಬ್ಬರ್ ಚಪ್ಪಲಿ, ಒಣ ಬೇವಿನ ಕಡ್ಡಿ, ಗಾಜಿನ ಬಳೆ ಇಟ್ಟರೆ ಹತ್ತುವುದಿಲ್ಲ. ಒದ್ದೆ ಕಡ್ಡಿ ಇಟ್ಟರೂ ಹತ್ತುವುದಿಲ್ಲ. ಇಲ್ಲಿ ಎಚ್ಚರ! ಒದ್ದೆ ಕಡ್ಡಿಯಲ್ಲಿ ಕರೆಂಟು ಹರಿಯುವುದಿಲ್ಲ ಎಂದು ತಿಳಿಯಬೇಡಿ. ಶೆಲ್ಲಿನಲ್ಲಿ ಇರುವುದು ಒಂದೂವರೆ ವೋಲ್ಟ್. ಅದರ ಬಲ ಸಾಲದು. 230 ವೋಲ್ಟಿಗೆ ಒದ್ದೆ ಕಡ್ಡಿ, ಒದ್ದೆ ಗೋಡೆ, ಒದ್ದೆ ಕೈ ಎಲ್ಲವೂ ದಾರಿಯೇ. ಈ ಆಟವನ್ನು ಶೆಲ್ಲಿನಲ್ಲಿ ಮಾತ್ರ ಆಡಿ. ಗೋಡೆಯ ಪ್ಲಗ್ಗಿನಲ್ಲಿ ಯಾವತ್ತೂ ಬೇಡ.

ಒಬ್ಬ ಅಕ್ಕ ಕೇಳಿದರು: "ತಂತಿ ಮ್ಯಾಲೆ ಗುಬ್ಬಿ ಕುಂತಿರ್ತಾವ, ಅವು ಯಾಕ ಸಾಯಂಗಿಲ್ಲ?"

ಗುಬ್ಬಿಯ ಎರಡೂ ಕಾಲು ಒಂದೇ ತಂತಿಯ ಮೇಲಿವೆ. ಅದರ ಮೈಯಿಂದ ಆಚೆ ಹೋಗಲು ಕರೆಂಟಿಗೆ ದಾರಿ ಇಲ್ಲ. ದೊಡ್ಡ ಹಕ್ಕಿಯ ರೆಕ್ಕೆ ಇನ್ನೊಂದು ತಂತಿಗೆ ತಾಗಿದರೆ ಅದು ಸಾಯುತ್ತದೆ. ನಾವು ನಿಂತಿರುವುದು ನೆಲದ ಮೇಲೆ. ಊರಿನ ಟಿ.ಸಿ.ಯಿಂದ ಒಂದು ವೈರನ್ನು ನೆಲದೊಳಗೆ ಇಳಿಸಿರುತ್ತಾರೆ. ಹಾಗಾಗಿ ನೆಲವೂ ಕರೆಂಟಿಗೆ ಒಂದು ದಾರಿ. ನಾವು ಒಂದೇ ತಂತಿ ಮುಟ್ಟಿದರೂ ಸಾಕು. ಕರೆಂಟು ಕೈಯಿಂದ ಎದೆಗೆ, ಎದೆಯಿಂದ ಕಾಲಿಗೆ, ಕಾಲಿನಿಂದ ನೆಲಕ್ಕೆ, ನೆಲದಿಂದ ಟಿ.ಸಿ.ಗೆ ಹೋಗಿ ಸುತ್ತು ಪೂರೈಸುತ್ತದೆ.

ಬೋರಿನ ಮೋಟಾರು ಚಾಲೂ ಮಾಡುವ ಸ್ಟಾರ್ಟರ್ ಪೆಟ್ಟಿಗೆ ಕಬ್ಬಿಣದ್ದು. ಒಳಗಿನ ವೈರು ಸುಲಿದು ಪೆಟ್ಟಿಗೆಗೆ ತಾಗಿದರೆ ಪೆಟ್ಟಿಗೆಯೇ ತಂತಿಯಾಗುತ್ತದೆ. ರಾತ್ರಿ ಪಾಳಿಯಲ್ಲಿ ಕರೆಂಟು ಬಂದಾಗ ರೈತ ಕತ್ತಲಲ್ಲಿ, ನೀರು ನಿಂತ ಮಣ್ಣಿನಲ್ಲಿ, ಬರಿಗಾಲಲ್ಲಿ ಹೋಗಿ ಪೆಟ್ಟಿಗೆ ಮುಟ್ಟುತ್ತಾನೆ. ನಸುಕಿನಲ್ಲಿ ಮಲ್ಲಿಗೆ ಬಿಡಿಸಲು ಹೋಗುವ ಹಡಗಲಿ ಕಡೆಯ ಹೆಣ್ಣುಮಕ್ಕಳ ಕಾಲ ಕೆಳಗೂ ಕೆಲವು ಕಡೆ ಮೋಟಾರಿನ ವೈರು ನೆಲದ ಮೇಲೇ ಬಿದ್ದಿರುತ್ತದೆ.

ಅದಕ್ಕೇ ಪೆಟ್ಟಿಗೆಗೆ ಅರ್ಥಿಂಗ್ ಬೇಕು. ಪೆಟ್ಟಿಗೆಯಿಂದ ಒಂದು ದಪ್ಪ ವೈರನ್ನು ನೆಲದೊಳಗಿನ ಪೈಪಿಗೆ ಕಟ್ಟುತ್ತಾರೆ. ಪೈಪಿನ ಸುತ್ತ ಇದ್ದಿಲು, ಉಪ್ಪು ಹಾಕಿರುತ್ತಾರೆ. ಪೆಟ್ಟಿಗೆಗೆ ಕರೆಂಟು ಬಂದರೆ ಅದು ಆ ಸಲೀಸಾದ ದಾರಿಯಲ್ಲಿ ನೆಲಕ್ಕೆ ಹರಿಯುತ್ತದೆ. ಮುಟ್ಟಿದವರ ಮೈಯಲ್ಲಿ ಹರಿಯುವುದು ಬಹಳ ಕಡಿಮೆಯಾಗುತ್ತದೆ. ಆದರೆ ನಮ್ಮ ಕಡೆಯ ನೆಲ ಬೇಸಿಗೆಯಲ್ಲಿ ಕಾದ ಹಂಚು. ಒಣಗಿದ ಮಣ್ಣು ಕರೆಂಟಿಗೆ ಒಳ್ಳೆಯ ದಾರಿಯಲ್ಲ. ಶಿವರಾತ್ರಿ ಕಳೆದ ಮೇಲೆ ಅರ್ಥಿಂಗ್ ಗುಂಡಿಗೆ ಆಗಾಗ ಎರಡು ಕೊಡ ನೀರು ಹಾಕಿ.

ಮನೆಯಲ್ಲಿ ಇನ್ನೆರಡು ಮಾತು. ಬಟ್ಟೆ ಒಣಹಾಕಲು ಕಬ್ಬಿಣದ ತಂತಿ ಬೇಡ, ನೂಲಿನ ಹಗ್ಗವೋ ನೈಲಾನ್ ಹಗ್ಗವೋ ಕಟ್ಟಿ. ಬಕೇಟಿನಲ್ಲಿ ಹೀಟರ್ ಕಡ್ಡಿ ಇಟ್ಟಿದ್ದರೆ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತ ಮೇಲೆಯೇ ನೀರಿಗೆ ಕೈ ಹಾಕಿ.

ಹೊಲದ ಬೇಲಿ

ಹರಪನಹಳ್ಳಿ, ಕೊಟ್ಟೂರು ಕಡೆ ಮೆಕ್ಕೆಜೋಳ ಬಹಳ. ಹಂದಿ ಬಂದು ಹಾಳು ಮಾಡುತ್ತದೆ. ಕೂಡ್ಲಿಗಿ ತಾಲೂಕಿನ ಗುಡೇಕೋಟೆ ಕಡೆ ಕರಡಿಯೂ ಬರುತ್ತದೆ. ಬೆಳೆ ಕಳೆದುಕೊಂಡವರ ಸಂಕಟ ನಮಗೆ ಗೊತ್ತು. ಆ ಸಂಕಟದಲ್ಲಿ ಕೆಲವರು ಕಂಬದಿಂದ ನೇರ ವೈರು ಎಳೆದು ಬೇಲಿಗೆ ಕರೆಂಟು ಕೊಡುತ್ತಾರೆ. ಅದರಿಂದ ಹಂದಿ ಮಾತ್ರ ಸಾಯುವುದಿಲ್ಲ. ಪಕ್ಕದ ಹೊಲದವರು, ಕುರಿ ಕಾಯುವ ಹುಡುಗರು, ಬೇಲಿ ಹಾಕಿದವರೇ ಸತ್ತದ್ದೂ ಇದೆ. ಅದು ಅಪರಾಧ ಕೂಡ. ಕರೆಂಟು ಕದ್ದದ್ದಕ್ಕೆ ಒಂದು ಕೇಸು, ಜೀವ ಹೋದದ್ದಕ್ಕೆ ಇನ್ನೊಂದು.

ಸೋಲಾರ್ ಬೇಲಿ ಬೇರೆ. ಅದರ ತಂತಿಯಲ್ಲೂ ಸಾವಿರಾರು ವೋಲ್ಟ್ ಇರುತ್ತದೆ. ಆದರೆ ಅದು ಹರಿಯುತ್ತಲೇ ಇರುವುದಿಲ್ಲ. ಸುಮಾರು ಒಂದು ಸೆಕೆಂಡಿಗೆ ಒಂದು ಸಲ, ಕಣ್ಣು ಮಿಟುಕಿಸುವುದಕ್ಕಿಂತ ಬಹಳ ಕಡಿಮೆ ಹೊತ್ತು, ಒಂದು ಏಟು ಕೊಟ್ಟು ನಿಲ್ಲುತ್ತದೆ. ಪ್ರಾಣಿ ಹೆದರಿ ಹಿಂದೆ ಸರಿಯುತ್ತದೆ. ನಡುವೆ ಬಿಡುವು ಇರುವುದರಿಂದ ಕೈ ಬಿಗಿದು ಅಂಟಿಕೊಳ್ಳುವುದಿಲ್ಲ. ಇದನ್ನು ಕಂಬಳಿ ಕಿಡಿಯ ಅಣ್ಣ ಎನ್ನಬಹುದು. ಕಂಪನಿಯ ಸರಿಯಾದ ಪೆಟ್ಟಿಗೆ ಇದ್ದರೆ ಮಾತ್ರ ಈ ಮಾತು. ಅದೇ ಬೇಲಿಗೆ ಕಂಬದ ಕರೆಂಟು ಕೊಟ್ಟರೆ ಅದು ಸೋಲಾರ್ ಬೇಲಿ ಅಲ್ಲ, ಯಮನ ಬೇಲಿ.

ಸಿಡಿಲು

ಆಕಾಶದ ಸಿಡಿಲು ನಿಂತ ವಿದ್ಯುತ್ತೇ. ಕಂಬಳಿಯ ಕಿಡಿಯದೇ ಜಾತಿ. ಆದರೆ ಚಮಚವಲ್ಲ, ಗುಡ್ಡದ ಮೇಲಿನ ಕೆರೆಯೇ ಒಡೆದ ಹಾಗೆ.

ಮುಂಗಾರಿಗೆ ಮುಂಚೆ ಅಶ್ವಿನಿ, ಭರಣಿ ಮಳೆಯ ದಿನಗಳಲ್ಲಿ ಮಧ್ಯಾಹ್ನದ ಕಾವಿಗೆ ದೊಡ್ಡ ಮೋಡ ಏಳುತ್ತದೆ. ಅದರ ಮೇಲಿನ ಭಾಗ ಬಹಳ ತಣ್ಣಗೆ. ಅಲ್ಲಿ ಹಿಮದ ಹರಳು, ಸಣ್ಣ ಆಲಿಕಲ್ಲು ಒಂದಕ್ಕೊಂದು ಬಡಿದು ಉಜ್ಜುತ್ತವೆ. ಮೋಡದ ಮೇಲೆ ಧನ, ಕೆಳಗೆ ಋಣ ಸೇರುತ್ತದೆ. ಸೇರಿ ಸೇರಿ ತಡೆಯಲಾರದಷ್ಟಾದಾಗ ನೆಲಕ್ಕೆ ಧುಮುಕುತ್ತದೆ. ಅದರ ದಾರಿಯ ಗಾಳಿ ಸುಮಾರು 30 ಸಾವಿರ ಡಿಗ್ರಿ ಕಾಯುತ್ತದೆ. ಕಾದ ಗಾಳಿ ಒಮ್ಮೆಲೇ ಹಿಗ್ಗುವ ಸದ್ದೇ ಗುಡುಗು. ಮಿಂಚು, ಕಂಬಳಿಯ ಕಿಡಿ ಎರಡೂ ಒಂದೇ ಎಂಬ ಮಾತನ್ನು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 18ನೇ ಶತಮಾನದಲ್ಲಿ ಹೇಳಿದರು. ಎತ್ತರದ ಕಟ್ಟಡಗಳ ಮೇಲೆ ನಿಲ್ಲಿಸುವ ಸಿಡಿಲು ಕಡ್ಡಿ ಬಂದದ್ದು ಅವರಿಂದ.

ಮಿಂಚು ಕಂಡ ಕೂಡಲೇ ಒಂದು, ಎರಡು, ಮೂರು ಎಂದು ಸೆಕೆಂಡು ಎಣಿಸಿ. ಮೂರು ಎಣಿಸುವಾಗ ಗುಡುಗು ಕೇಳಿದರೆ ಸಿಡಿಲು ಒಂದು ಕಿಲೋಮೀಟರ್ ದೂರ. ಮೂವತ್ತರ ಒಳಗೆ ಕೇಳಿದರೆ ಸುಮಾರು ಹತ್ತು ಕಿಲೋಮೀಟರಿನ ಒಳಗಿದೆ. ಅಂದರೆ ನಿಮ್ಮ ಮೇಲೂ ಬೀಳಬಹುದು. ಕೂಡಲೇ ಗಟ್ಟಿ ಮನೆಯೊಳಗೋ, ಮುಚ್ಚಿದ ಬಸ್ಸು ಕಾರಿನೊಳಗೋ ಹೋಗಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬರಬೇಡಿ.

ಮರದ ಕೆಳಗೆ ನಿಲ್ಲಬೇಡಿ ಎಂದು ಎಲ್ಲರೂ ಹೇಳುತ್ತಾರೆ. ಏಕೆ ಎಂದು ಹೇಳುವವರು ಕಡಿಮೆ. ಸಿಡಿಲು ಎತ್ತರದ್ದನ್ನು ಹುಡುಕುತ್ತದೆ. ಮರಕ್ಕೆ ಬಡಿದು ಬುಡಕ್ಕೆ ಇಳಿಯುತ್ತದೆ. ಬುಡದಿಂದ ನೆಲದಲ್ಲಿ ಸುತ್ತಲೂ ಹರಡುತ್ತದೆ. ಹತ್ತಿರದಲ್ಲಿ ವೋಲ್ಟ್ ಹೆಚ್ಚು, ದೂರ ಹೋದಂತೆ ಕಡಿಮೆ. ಎತ್ತಿನ ಮುಂಗಾಲಿಗೂ ಹಿಂಗಾಲಿಗೂ ನಡುವೆ ಅಂತರ ಬಹಳ. ಆ ಅಂತರದಲ್ಲಿ ವೋಲ್ಟಿನ ವ್ಯತ್ಯಾಸವೂ ಬಹಳ. ಒಂದು ಕಾಲಿನಿಂದ ಹತ್ತಿದ ಕರೆಂಟು ಎದೆಯ ಮೂಲಕ ಹಾದು ಇನ್ನೊಂದು ಕಾಲಿನಿಂದ ಇಳಿಯುತ್ತದೆ. ಒಂದು ಮರದ ಕೆಳಗೆ ನಿಂತ ಕುರಿ ಹಿಂಡು ಒಂದೇ ಸಿಡಿಲಿಗೆ ಸಾಯುವುದು ಹೀಗೆ.

ಹಿಂಡಿನ ಜೊತೆ ಬಯಲಿನಲ್ಲಿ ಸಿಕ್ಕಿಕೊಂಡರೆ? ಮರ, ಕಂಬ, ತಂತಿ ಬೇಲಿಯಿಂದ ದೂರ ಹೋಗಿ. ದಿಬ್ಬದಿಂದ ಇಳಿಯಿರಿ. ಎಲ್ಲರೂ ಒಂದೇ ಕಡೆ ಗುಂಪಾಗಬೇಡಿ. ಎರಡು ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕುಳಿತುಕೊಳ್ಳಿ. ಮಲಗಬೇಡಿ. ಇದರಿಂದ ಅಪಾಯ ಕಡಿಮೆಯಾಗುತ್ತದೆ, ಪೂರಾ ಹೋಗುವುದಿಲ್ಲ. ಹಾಗಾಗಿ ಮೋಡ ಕಪ್ಪಾದಾಗಲೇ ಹೊರಡುವುದು ಮೇಲು. ಸಿಡಿಲು ಬರುವ ಸೂಚನೆ ಕೊಡಲು 'ದಾಮಿನಿ' ಎಂಬ ಮೊಬೈಲ್ ಆ್ಯಪ್ ಇದೆ. ಪುಣೆಯ ಹವಾಮಾನ ವಿಜ್ಞಾನಿಗಳು ಮಾಡಿದ್ದು. ಮನೆಯ ಮಕ್ಕಳಿಗೆ ಹೇಳಿ ಹಾಕಿಸಿಕೊಳ್ಳಿ. ಗುಡುಗಿದಾಗ ಅರ್ಜುನನ ಹೆಸರು ಹೇಳುವ ರೂಢಿ ನಮ್ಮಲ್ಲಿದೆ. ಹೇಳಿ, ಬೇಡ ಎನ್ನುವುದಿಲ್ಲ. ಹೇಳುತ್ತಲೇ ಮರದ ಬುಡದಿಂದ ಓಡಿ.

ಸಿಡಿಲಿಗೆ ಹೆದರುವಷ್ಟು ನಾವು ತಂತಿಗೆ ಹೆದರುವುದಿಲ್ಲ. ಲೆಕ್ಕ ಬೇರೆ ಮಾತು ಹೇಳುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪ್ರಕಾರ 2021ರಲ್ಲಿ ದೇಶದಲ್ಲಿ ಸಿಡಿಲಿಗೆ ಸತ್ತವರು ಎರಡು ಸಾವಿರಕ್ಕಿಂತ ಹೆಚ್ಚು. ಕರೆಂಟಿಗೆ ಸತ್ತವರು ಹನ್ನೆರಡು ಸಾವಿರಕ್ಕಿಂತ ಹೆಚ್ಚು.

ಯಾರನ್ನು ಮುಟ್ಟಬಹುದು, ಯಾರನ್ನು ಮುಟ್ಟಬಾರದು?

ನಿಂತ ವಿದ್ಯುತ್ತು, ಹರಿಯುವ ವಿದ್ಯುತ್ತು ಎಂಬ ಭೇದ ಇಲ್ಲಿ ಜೀವ ಉಳಿಸುತ್ತದೆ.

ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ. ಅದು ಒಂದು ಕ್ಷಣದಲ್ಲಿ ಬಂದು ಹೋಗಿರುತ್ತದೆ. ಅವರನ್ನು ಕೂಡಲೇ ಮುಟ್ಟಬಹುದು, ಮುಟ್ಟಲೇಬೇಕು. ಹೆದರಿ ದೂರ ನಿಂತರೆ ಬದುಕುವವರೂ ಸಾಯುತ್ತಾರೆ. ದೇಶದ ಕೆಲವು ಕಡೆ ಸಿಡಿಲು ಬಡಿದವರನ್ನು ಸಗಣಿಯಲ್ಲಿ ಹೂಳುವ ರೂಢಿ ಇದೆ. ಅದರಿಂದ ಏನೂ ಉಪಯೋಗವಿಲ್ಲ, ಹೊತ್ತು ಹಾಳು.

ತಂತಿಗೆ ಅಂಟಿಕೊಂಡವರನ್ನು ಮಾತ್ರ ಬರಿಗೈಲಿ ಮುಟ್ಟಬೇಡಿ. ಅವರ ಮೈಯಲ್ಲಿ ಕರೆಂಟು ಇನ್ನೂ ಹರಿಯುತ್ತಿದೆ. ಮುಟ್ಟಿದರೆ ನೀವೂ ಅದರ ದಾರಿಯಾಗುತ್ತೀರಿ. ಗಂಡನನ್ನು ಬಿಡಿಸಲು ಹೋಗಿ ಹೆಂಡತಿ, ಅವರನ್ನು ಬಿಡಿಸಲು ಹೋಗಿ ಮಗ, ಒಂದೇ ಮನೆಯಲ್ಲಿ ಎರಡು ಮೂರು ಹೆಣ ಬೀಳುವುದು ಹೀಗೆಯೇ. ಮೊದಲು ಮೇನ್ ಸ್ವಿಚ್ಚು ಆರಿಸಿ. ಆಗದಿದ್ದರೆ ಒಣ ಹಲಗೆಯ ಮೇಲೆ ನಿಂತು, ಒಣ ಬಡಿಗೆಯಿಂದ ಅವರನ್ನು ತಂತಿಯಿಂದ ದೂಡಿ. ಇದು ಮನೆಯ ಕರೆಂಟಿಗೆ ಮಾತ್ರ. ಊರ ಹೊರಗಿನ ಕಂಬದ ಲೈನಿನಲ್ಲಿ 11 ಸಾವಿರ ವೋಲ್ಟ್ ಇರುತ್ತದೆ. ಅದಕ್ಕೆ ಬಡಿಗೆಯೂ ದಾರಿಯಾಗಬಹುದು. ಹರಿದು ಬಿದ್ದ ತಂತಿಯ ಹತ್ತಿರ ಹೋಗಬೇಡಿ, ದನಕರು ಬಿಡಬೇಡಿ. 1912ಕ್ಕೆ ಫೋನ್ ಮಾಡಿ ಲೈನು ಕಡಿಸಿ.

ಕರೆಂಟು ನಿಂತ ಮೇಲೆ ಉಸಿರು ನೋಡಿ. ಉಸಿರಾಟ ಇಲ್ಲದಿದ್ದರೆ ಅಂಗಾತ ಮಲಗಿಸಿ. ಎರಡೂ ಅಂಗೈ ಒಂದರ ಮೇಲೊಂದಿಟ್ಟು ಎದೆಯ ನಡುವೆ ಜೋರಾಗಿ, ಬೇಗ ಬೇಗ ಒತ್ತಿ. ನಿಮಿಷಕ್ಕೆ 100ರಿಂದ 120 ಸಲ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಅಂಬುಲೆನ್ಸ್ ಬರುವವರೆಗೆ ಒತ್ತುವುದನ್ನು ಬಿಡಬೇಡಿ. ದಣಿದರೆ ಮತ್ತೊಬ್ಬರು ಕೂರಲಿ. ಸಿಡಿಲು ಬಡಿದವರಿಗೂ ಇದೇ ಉಪಚಾರ.

ಓದಿ, ಬರೆಯಿರಿ

ನಿಮ್ಮ ಮನೆಯ ಬಲ್ಬು ಆರಿಸಿ, ಆರಿದ ಮೇಲೆ ಅದರ ಮೇಲಿನ ಅಂಕಿ ಓದಿ. ಎಷ್ಟು ವ್ಯಾಟು? ಎಷ್ಟು ವೋಲ್ಟು?

ಸ್ಟಾರ್ಟರ್ ಪೆಟ್ಟಿಗೆಗೆ ಅರ್ಥಿಂಗ್ ವೈರು ಇದೆಯೆ? ಇದೆ ಅಥವಾ ಇಲ್ಲ ಎಂದು ಬರೆಯಿರಿ.

1912 ಮತ್ತು 108 ಎಂಬ ಎರಡು ನಂಬರನ್ನು ದೊಡ್ಡದಾಗಿ ಬರೆದು ಮೇನ್ ಸ್ವಿಚ್ಚಿನ ಪಕ್ಕ ಗೋಡೆಗೆ ಅಂಟಿಸಿ.